ಕೆಟ್ಟಿದ್ದು ನಿಮ್ಮ ಕೆಪ್ಯಾಸಿಟರ್, ವಾರಂಟಿ ಹೋಗಿದ್ದು ನನ್ನದು: ಟ್ಯೂಬ್ ಆಂಪ್ ಕಿಟ್ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಟ್ಯೂಬ್ ಹೆಡ್‌ಫೋನ್ ಆಂಪ್ಲಿಫೈಯರ್ ಕಿಟ್‌ನಲ್ಲಿ ಬಂದ ತಪ್ಪು ಬಿಡಿಭಾಗಗಳು, ಕೈಪಿಡಿಯ ತಪ್ಪು ಚಿತ್ರ ಮತ್ತು ನಿರಾಕರಿಸಿದ ವಾರಂಟಿ ಕುರಿತು

ಮಾನ್ಯರೇ,

ನಿಮ್ಮಿಂದ ಕೊಂಡ, ನಿರ್ವಾತ ಟ್ಯೂಬ್‌ಗಳಿಂದ ಸದ್ದು ದೊಡ್ಡದು ಮಾಡುವ ಹೆಡ್‌ಫೋನ್ ಆಂಪ್ ಕಿಟ್ ಜೋಡಿಸಿ ಬಳಸುತ್ತಿದ್ದೆ. ಅದರ ಪವರ್ ಸಪ್ಲೈನ ಮೊದಲ ಫಿಲ್ಟರ್ ಕೆಪ್ಯಾಸಿಟರ್ (ಚಾರ್ಜ್ ತುಂಬಿಟ್ಟುಕೊಂಡು ವೋಲ್ಟೇಜ್‌ನ ಏರಿಳಿತ ಸಮ ಮಾಡುವ ಭಾಗ) ಈಗ ಉಬ್ಬಿ, ತಲೆ ಬಿರಿದು, ಒಳಗಿನ ದ್ರವ ಹೊರಗೆ ಬಂದಿದೆ. ಬದಲಿ ಕೇಳಿದ್ದಕ್ಕೆ ನಿಮ್ಮ ಕಡೆಯಿಂದ ಬಂದಿದ್ದು ಒಂದೇ ಸಾಲಿನ ಉತ್ತರ: ಗ್ರಾಹಕರು ಸರ್ಕ್ಯೂಟ್ ಬದಲಿಸಿದ್ದಾರೆ, ಹಾಗಾಗಿ ವಾರಂಟಿ ಇಲ್ಲ.

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಕಾರಣವನ್ನು ಕೆಳಗೆ ಬಿಡಿಸಿ ಬರೆದಿದ್ದೇನೆ. ದಯವಿಟ್ಟು ಈ ಪತ್ರವನ್ನು ಕಿಟ್ ವಿನ್ಯಾಸ ಮಾಡಿದ ಎಂಜಿನಿಯರ್‌ಗೆ ತೋರಿಸಿ. ಸರ್ಕ್ಯೂಟ್ ಗೊತ್ತಿರುವವರಿಗೆ ಇದು ಐದು ನಿಮಿಷದಲ್ಲಿ ಅರ್ಥವಾಗುವ ವಿಷಯ.

ಕೈಪಿಡಿಯ ಬಿಡಿಭಾಗಗಳ ಪಟ್ಟಿಯಲ್ಲಿ ಫಿಲ್ಟರ್ ಕೆಪ್ಯಾಸಿಟರ್ 220 ಮೈಕ್ರೋಫ್ಯಾರಡ್, 250 ವೋಲ್ಟ್ ಎಂದಿದೆ. ಚೀಲದಲ್ಲಿ ಬಂದ ಎರಡರ ಮೇಲೂ 200 ವೋಲ್ಟ್ ಎಂದಿದೆ, ಅಂದರೆ ಅವು ತಡೆಯುವ ಮಿತಿ ಅಷ್ಟೇ. ಫೋಟೋ ಲಗತ್ತಿಸಿದ್ದೇನೆ. ಈಗ ಲೆಕ್ಕ ನೋಡಿ. ನಿಮ್ಮ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ (ಹೊರಗೆ ಕೊಡುವ ಸುರುಳಿ) 150 ವೋಲ್ಟ್ ಎಸಿ. ಅದನ್ನು ರೆಕ್ಟಿಫೈ ಮಾಡಿದರೆ (ಡಿಸಿಗೆ ಬದಲಿಸಿದರೆ) ಕೆಪ್ಯಾಸಿಟರ್ ಮೇಲೆ ಕೂರುವುದು ಅದರ ಪೀಕ್ (ಅಲೆಯ ತುತ್ತತುದಿ), ಅಂದರೆ 150 ಗುಣಿಸು 1.414, ಸುಮಾರು 212 ವೋಲ್ಟ್. ಅಲ್ಲಿಗೇ 200 ದಾಟಿತು. ಇಷ್ಟು ಸಣ್ಣ ಟ್ರಾನ್ಸ್‌ಫಾರ್ಮರ್ ಲೋಡ್ ಇಲ್ಲದಾಗ, ಅಂದರೆ ಕರೆಂಟ್ ಎಳೆಯುವ ಭಾಗ ಇಲ್ಲದಾಗ, ತನ್ನ ಮೇಲೆ ಬರೆದಿರುವುದಕ್ಕಿಂತ ಇನ್ನೂ ಸ್ವಲ್ಪ ಜಾಸ್ತಿಯೇ ಕೊಡುತ್ತದೆ. ನನ್ನ ಮಲ್ಟಿಮೀಟರ್ ತೋರಿಸಿದ್ದು 228 ವೋಲ್ಟ್.

ಟ್ಯೂಬ್‌ಗಳು ಬಿಸಿಯಾಗಿ ಕರೆಂಟ್ ಎಳೆಯಲು ಶುರು ಮಾಡಿದ ಮೇಲೆ ಈ ವೋಲ್ಟೇಜ್ 170ರ ಹತ್ತಿರಕ್ಕೆ ಇಳಿಯುತ್ತದೆ, ನಿಜ. ಆದರೆ ಟ್ಯೂಬ್ ಬಿಸಿಯಾಗಲು ಸಮಯ ಬೇಕಲ್ವಾ? ಅಲ್ಲಿಯವರೆಗೆ, ಸ್ವಿಚ್ ಹಾಕಿದ ಪ್ರತಿ ಸಲವೂ, ಆ ಕೆಪ್ಯಾಸಿಟರ್ ತನ್ನ ಮಿತಿಗಿಂತ ಜಾಸ್ತಿ ವೋಲ್ಟೇಜ್ ತಡೆದುಕೊಳ್ಳಬೇಕು. ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಹೀಗೆ ಮಿತಿ ಮೀರಿದಾಗ ಅದರೊಳಗೆ ಸೋರುವ ಕರೆಂಟ್ ಏರುತ್ತದೆ, ಒಳಗೆ ಬಿಸಿಯಾಗುತ್ತದೆ, ಗ್ಯಾಸ್ ಕಟ್ಟುತ್ತದೆ. ಕೊನೆಗೆ ತಲೆ ಉಬ್ಬುತ್ತದೆ. ನನ್ನ ಕಿಟ್‌ನಲ್ಲಿ ಆಗಿದ್ದು ಇದೇ.

ಇನ್ನು ನಾನು ಮಾಡಿದ ಬದಲಾವಣೆಗೆ ಬರೋಣ. ಔಟ್‌ಪುಟ್‌ನಲ್ಲಿದ್ದ 100 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ತೆಗೆದು ಅಷ್ಟೇ ಸಾಮರ್ಥ್ಯದ, ಅಂದರೆ 100 ಮೈಕ್ರೋಫ್ಯಾರಡ್‌ನದೇ, ಪಾಲಿಪ್ರೊಪಿಲೀನ್ ಫಿಲ್ಮ್ ಕೆಪ್ಯಾಸಿಟರ್ ಹಾಕಿದ್ದೇನೆ. ಇದು ಇರುವುದು 6080 ಎಂಬ ಔಟ್‌ಪುಟ್ ಟ್ಯೂಬ್‌ನ ಕ್ಯಾಥೋಡ್ (ಎಲೆಕ್ಟ್ರಾನ್ ಹೊರಡುವ ತುದಿ) ಮತ್ತು ಹೆಡ್‌ಫೋನ್ ನಡುವೆ. ಕೆಟ್ಟ ಕೆಪ್ಯಾಸಿಟರ್ ಇರುವುದು ರೆಕ್ಟಿಫೈಯರ್‌ನ ಪಕ್ಕದಲ್ಲೇ, ಟ್ಯೂಬ್‌ಗೆ ಕರೆಂಟ್ ಹೋಗುವುದಕ್ಕೂ ಮುಂಚೆ. ಔಟ್‌ಪುಟ್‌ನಲ್ಲಿ ಯಾವ ಜಾತಿಯ ಕೆಪ್ಯಾಸಿಟರ್ ಇದ್ದರೂ ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಪೀಕ್ ವೋಲ್ಟೇಜ್ ಒಂದು ವೋಲ್ಟ್ ಕೂಡ ಏರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಬೇಡ.

ಇನ್ನೊಂದು ಮಾತು. ಈ ಕಿಟ್ ಅನ್ನು ನೀವು ಮಾರಿದ್ದೇ ಇಷ್ಟಬಂದಂತೆ ಬದಲಿಸಿಕೊಳ್ಳಿ ಅಂತ ಹೇಳಿ. ಕೈಪಿಡಿಯ ಕೊನೆಯ ಅಧ್ಯಾಯದಲ್ಲಿ ಫಿಲ್ಮ್ ಕೆಪ್ಯಾಸಿಟರ್ ಹಾಕುವುದು ಹೇಗೆ ಅಂತ ನೀವೇ ಬರೆದಿದ್ದೀರಿ. ನಿಮ್ಮ ಕೈಪಿಡಿಯಲ್ಲಿರುವುದನ್ನು ಮಾಡಿದವರಿಗೆ ವಾರಂಟಿ ಇಲ್ಲ ಅನ್ನುವುದಾದರೆ, ಅದನ್ನು ಕೊಳ್ಳುವ ಮುಂಚೆಯೇ ಸ್ಪಷ್ಟವಾಗಿ ಹೇಳಬೇಕಿತ್ತು.

ಕೆಪ್ಯಾಸಿಟರ್‌ಗಿಂತಲೂ ನನ್ನನ್ನು ಹೆದರಿಸಿರುವ ವಿಷಯ ಬೇರೆಯೇ ಇದೆ. ನಿಮ್ಮ ಪವರ್ ಸಪ್ಲೈನಲ್ಲಿ ಬ್ಲೀಡರ್ ರೆಸಿಸ್ಟರ್ (ಸ್ವಿಚ್ ಆರಿಸಿದ ಮೇಲೆ ಕೆಪ್ಯಾಸಿಟರ್‌ನ ಚಾರ್ಜ್ ಇಳಿಸುವ ಭಾಗ) ಇಲ್ಲ. ನಕ್ಷೆಯಲ್ಲೂ ಇಲ್ಲ, ಚೀಲದಲ್ಲೂ ಇಲ್ಲ. ಮೊದಲ ಪರೀಕ್ಷೆಗೆ ನೀವು ಹೇಳಿರುವ ಕ್ರಮ ಹೀಗಿದೆ: ಟ್ಯೂಬ್ ಹಾಕದೆ ಸ್ವಿಚ್ ಹಾಕಿ, ವೋಲ್ಟೇಜ್ ಅಳೆಯಿರಿ, ಸ್ವಿಚ್ ಆರಿಸಿ, ಟ್ಯೂಬ್ ಕೂರಿಸಿ. ಟ್ಯೂಬ್ ಇಲ್ಲ ಅಂದರೆ ಕೆಪ್ಯಾಸಿಟರ್‌ನಲ್ಲಿ ತುಂಬಿದ ಚಾರ್ಜ್ ಇಳಿದುಹೋಗಲು ದಾರಿಯೇ ಇಲ್ಲ. ಪ್ಲಗ್ ಕಿತ್ತಿಟ್ಟ ಮೇಲೂ 440 ಮೈಕ್ರೋಫ್ಯಾರಡ್‌ನಲ್ಲಿ ಇನ್ನೂರು ಚಿಲ್ಲರೆ ವೋಲ್ಟ್ ಹಾಗೇ ಕೂತಿರುತ್ತದೆ. ಅದು 10 ಜೌಲ್‌ಗಿಂತ ಜಾಸ್ತಿ ಶಕ್ತಿ. ಮೈಗೆ ತಾಗಿದರೆ ಜೀವಕ್ಕೇ ಅಪಾಯ.

ನನಗೆ ಏನೂ ಆಗಲಿಲ್ಲ. ಮುಟ್ಟುವ ಮುಂಚೆ ಮೀಟರ್ ಹಿಡಿದು ನೋಡುವ ಅಭ್ಯಾಸ ಮೊದಲಿನಿಂದ ಇದೆ. ಆದರೆ ನಿಮ್ಮ ಕಿಟ್ ಹೊಸಬರಿಗಾಗಿ ಮಾಡಿದ್ದು. ಮೊದಲ ಸಲ ಬೆಸುಗೆ ಹಾಕುವವರು, ಕಾಲೇಜು ಹುಡುಗರು ಇದನ್ನು ಕೊಳ್ಳುತ್ತಾರೆ. ಪ್ಲಗ್ ಕಿತ್ತಾಯಿತಲ್ಲ, ಇನ್ನೇನು ಭಯ ಅಂತ ಅವರು ಕೈ ಹಾಕುತ್ತಾರೆ. 100 ಕಿಲೋ ಓಮ್‌ನ, 1 ವ್ಯಾಟ್‌ನ ಒಂದೇ ಒಂದು ರೆಸಿಸ್ಟರ್ ಇದ್ದಿದ್ದರೆ ಮೂರು ನಾಲ್ಕು ನಿಮಿಷದಲ್ಲಿ ಅಷ್ಟೂ ಚಾರ್ಜ್ ಇಳಿದುಹೋಗುತ್ತಿತ್ತು. ಇಡೀ ಕಿಟ್‌ನಲ್ಲಿ ಅದಕ್ಕಿಂತ ಕಡಿಮೆ ಖರ್ಚಿನ ಭಾಗ ಇನ್ನೊಂದಿಲ್ಲ. ಕನಿಷ್ಠ ಪಕ್ಷ, ಮುಟ್ಟುವ ಮುಂಚೆ ಚಾರ್ಜ್ ಇಳಿಸಿ ಅನ್ನುವ ಎಚ್ಚರಿಕೆಯಾದರೂ ಕೈಪಿಡಿಯಲ್ಲಿ ಇರಬೇಕಿತ್ತು. ಅದೂ ಇಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ.

ಕೈಪಿಡಿಯ ವೈರಿಂಗ್ ಚಿತ್ರದಲ್ಲೂ ದೊಡ್ಡ ತಪ್ಪಿದೆ. 6080ಕ್ಕೆ ಮುಂಚೆ ಬರುವ 12ಎಯು7 ಟ್ಯೂಬ್‌ನ ಹೀಟರ್ (ಟ್ಯೂಬನ್ನು ಬಿಸಿ ಮಾಡುವ ತಂತಿ) ಎರಡು ಭಾಗಗಳಲ್ಲಿದೆ. ಎರಡು ತುದಿಗಳು 4 ಮತ್ತು 5ನೇ ಪಿನ್‌ಗೆ, ನಡುವಿನ ಜೋಡಣೆ 9ನೇ ಪಿನ್‌ಗೆ ಬರುತ್ತವೆ. 6.3 ವೋಲ್ಟ್‌ನಲ್ಲಿ ನಡೆಸಬೇಕು ಅಂದರೆ 4 ಮತ್ತು 5ನ್ನು ಒಟ್ಟು ಸೇರಿಸಬೇಕು, ಸಪ್ಲೈನ ಇನ್ನೊಂದು ವೈರ್ 9ಕ್ಕೆ ಹೋಗಬೇಕು. ನಿಮ್ಮ ಚಿತ್ರದಲ್ಲಿ 6.3 ವೋಲ್ಟ್ ಅನ್ನು 4 ಮತ್ತು 5ರ ನಡುವೆ ಕೊಟ್ಟು 9ನ್ನು ಖಾಲಿ ಬಿಟ್ಟಿದ್ದೀರಿ. ಹೀಗೆ ಮಾಡಿದರೆ ಹೀಟರ್‌ನ ಒಂದೊಂದು ಭಾಗಕ್ಕೂ ಸಿಗುವುದು ಬರೀ 3.15 ವೋಲ್ಟ್. ಈ ಜೋಡಣೆ 6ಡಿಜೆ8 ಟ್ಯೂಬ್‌ಗೆ ಸರಿ. ಅದರಲ್ಲಿ ಹೀಟರ್ 4 ಮತ್ತು 5ರಲ್ಲೇ ಮುಗಿಯುತ್ತದೆ, 9ನೇ ಪಿನ್ ಒಳಗಿನ ಶೀಲ್ಡ್‌ದು. ಬೇರೆ ಟ್ಯೂಬ್‌ಗೆ ಬರೆದ ಚಿತ್ರವನ್ನೇ ಇಲ್ಲಿ ಹಾಕಿದಂತಿದೆ. ಕೊನೆಯ ಪುಟದ ಸ್ಕೀಮ್ಯಾಟಿಕ್‌ನಲ್ಲಿ (ಸರ್ಕ್ಯೂಟ್ ನಕ್ಷೆಯಲ್ಲಿ) ಮಾತ್ರ ಸರಿಯಾಗಿದೆ. ಒಂದೇ ಪುಸ್ತಕದ ಎರಡು ಪುಟ ಎರಡು ಮಾತು ಹೇಳಿದರೆ ಜೋಡಿಸುವವರು ಯಾವುದನ್ನು ನಂಬಬೇಕು?

ಇದರ ಪರಿಣಾಮ ಟ್ಯೂಬ್ ಮಂಕಾಗಿ ಉರಿಯುವುದಷ್ಟೇ ಅಲ್ಲ. ಹೀಟರ್ ತಣ್ಣಗಿದ್ದರೆ 12ಎಯು7 ಸರಿಯಾಗಿ ಕರೆಂಟ್ ಎಳೆಯುವುದಿಲ್ಲ, ಅದರ ಪ್ಲೇಟ್ (ಎಲೆಕ್ಟ್ರಾನ್ ಬಂದು ಸೇರುವ ತುದಿ) ವೋಲ್ಟೇಜ್ ಮೇಲೇರುತ್ತದೆ. ಆ ಪ್ಲೇಟ್ ನಡುವೆ ಕೆಪ್ಯಾಸಿಟರ್ ಇಲ್ಲದೆ ನೇರವಾಗಿ 6080ರ ಗ್ರಿಡ್‌ಗೆ (ಕರೆಂಟ್ ನಿಯಂತ್ರಿಸುವ ತುದಿಗೆ) ಸೇರಿದೆ. ಹಾಗಾಗಿ 6080ರ ಕ್ಯಾಥೋಡ್ ಕೂಡ ಮೇಲೇರುತ್ತದೆ. ನಿಮ್ಮ ಪಟ್ಟಿಯ ಪ್ರಕಾರ ಅಲ್ಲಿ 100 ವೋಲ್ಟ್ ಇರಬೇಕು, ನನಗೆ ಸಿಕ್ಕಿದ್ದು 130. ಕ್ಯಾಥೋಡ್‌ನಲ್ಲಿರುವುದು 3 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರ್. 100 ವೋಲ್ಟ್‌ನಲ್ಲಿ ಅದು ಸುಡುವುದು 3.3 ವ್ಯಾಟ್, 130ರಲ್ಲಿ 5.6 ವ್ಯಾಟ್. ಅಂದರೆ ಚಿತ್ರ ನೋಡಿ ಚಾಚೂ ತಪ್ಪದೆ ಜೋಡಿಸಿದವರ ರೆಸಿಸ್ಟರ್ ಸುಟ್ಟ ವಾಸನೆ ಬರುತ್ತದೆ. ನನಗೂ ಬಂತು. ಸಹಾಯ ಕೇಳಿದಾಗ ನಿಮ್ಮವರು ಟ್ಯೂಬ್ ಬದಲಿಸಿ ನೋಡಿ ಅಂದರು. ಟ್ಯೂಬ್ ಚೆನ್ನಾಗಿಯೇ ಇತ್ತು. ಡೇಟಾಶೀಟ್ ತೆಗೆದು ಪಿನ್ ಹೋಲಿಸಿ ನಾನೇ ಸರಿ ಮಾಡಿಕೊಂಡೆ. ಅದಾದ ಮೇಲೆ ಎಲ್ಲ ವೋಲ್ಟೇಜ್ ನಿಮ್ಮ ಪಟ್ಟಿಗೆ ಹೊಂದಿಕೊಂಡವು.

ವಾಲ್ಯೂಮ್ ಪಾಟ್ (ಸದ್ದು ಏರಿಳಿಸಲು ತಿರುಗಿಸುವ ಭಾಗ) ವಿಷಯ ಚಿಕ್ಕದು, ಆದರೂ ಹೇಳಲೇಬೇಕು. ಪಟ್ಟಿಯಲ್ಲಿ ಎ100ಕೆ, ಅಂದರೆ ಲಾಗ್ ಪಾಟ್. ಬಂದಿದ್ದು ಬಿ100ಕೆ, ಲೀನಿಯರ್. ಲಾಗ್ ಪಾಟ್ ಅನ್ನು ಅರ್ಧ ತಿರುಗಿಸಿದಾಗ ಶೇಕಡಾ 10ರಿಂದ 15ರಷ್ಟು ಸಿಗ್ನಲ್ ದಾಟುತ್ತದೆ, ಲೀನಿಯರ್‌ನಲ್ಲಿ ಶೇಕಡಾ 50. ಸ್ವಲ್ಪ ಮುಟ್ಟಿದರೆ ಸಾಕು, ಕಿವಿಗೆ ಅಪ್ಪಳಿಸುತ್ತದೆ. ಮೆಲ್ಲಗೆ ಕೇಳುವವರಿಗೆ ಇದರಲ್ಲಿ ಹದ ಸಿಗುವುದೇ ಇಲ್ಲ. ನನ್ನ ದುಡ್ಡಿನಲ್ಲಿ ಸರಿಯಾದ ಪಾಟ್ ತಂದು ಹಾಕಿದೆ. ನಿಮ್ಮ ಉತ್ತರದಲ್ಲಿ ಇದನ್ನೂ ಗ್ರಾಹಕರು ಮಾಡಿದ ಬದಲಾವಣೆ ಎಂದು ಸೇರಿಸಿದ್ದೀರಿ. ನಿಮ್ಮ ಪಟ್ಟಿಯಲ್ಲಿರುವ ಭಾಗವನ್ನೇ ಹಾಕಿದ್ದು ಬದಲಾವಣೆ ಹೇಗಾಗುತ್ತದೆ?

ಜಾಹೀರಾತಿನ ಒಂದು ಮಾತನ್ನೂ ತೆಗೆಯಿರಿ: ಯಾವ ಹೆಡ್‌ಫೋನ್ ಆದರೂ ಸರಿ ಅನ್ನುವುದು. ಇದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಆಂಪ್. ಔಟ್‌ಪುಟ್‌ನ 100 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್‌ಗೆ 300 ಓಮ್ ಹೆಡ್‌ಫೋನ್ ಹಾಕಿದರೆ ಬೇಸ್ ಕಡಿತ ಶುರುವಾಗುವುದು 5 ಹರ್ಟ್ಸ್ ಹತ್ತಿರ, ಏನೂ ತೊಂದರೆ ಇಲ್ಲ. 32 ಓಮ್‌ನದು ಹಾಕಿದರೆ ಅದು 50 ಹರ್ಟ್ಸ್‌ಗೆ ಬರುತ್ತದೆ, ಬೇಸ್ ಸೊರಗಿಹೋಗುತ್ತದೆ. ನನ್ನದು 300 ಓಮ್, ಹಾಗಾಗಿ ನನಗೆ ನಷ್ಟವಿಲ್ಲ. ಆದರೆ 32 ಓಮ್ ಹೆಡ್‌ಫೋನ್ ಇರುವವರು ಈ ಮಾತು ನಂಬಿ ಕೊಂಡರೆ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ.

ನಿಮ್ಮ ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ, ಗುಂಯ್ ಅನ್ನುವುದಿಲ್ಲ. ಸರ್ಕ್ಯೂಟ್ ಸರಳ, ಸದ್ದು ನಿಜಕ್ಕೂ ಸೊಗಸು. ಹಾಡುವವರ ಉಸಿರು ಕೂಡ ಸ್ಪಷ್ಟವಾಗಿ ಕೇಳುತ್ತದೆ. ಅದಕ್ಕಾಗಿಯೇ ದುಡ್ಡು ವಾಪಸ್ ಕೊಡಿ ಅಂತ ನಾನು ಕೇಳುತ್ತಿಲ್ಲ. ಈ ಆಂಪ್ ಸರಿಯಾಗಿ, ಸುರಕ್ಷಿತವಾಗಿ ನಡೆಯಬೇಕು, ಅಷ್ಟೇ.

ನನಗೆ ಬೇಕಿರುವುದು ಇಷ್ಟು. 250 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿಯ ಎರಡು ಫಿಲ್ಟರ್ ಕೆಪ್ಯಾಸಿಟರ್, ಬ್ಲೀಡರ್ ರೆಸಿಸ್ಟರ್, ಕಾದು ಬಣ್ಣಗೆಟ್ಟಿರುವ ಎರಡು ಕ್ಯಾಥೋಡ್ ರೆಸಿಸ್ಟರ್‌ಗೆ ಬದಲಿ, ಮತ್ತು ನಾನು ಕೊಂಡ ಪಾಟ್‌ನ ಹಣ. ವಾರಂಟಿ ನಿರಾಕರಿಸಿದ ಉತ್ತರವನ್ನು ಬರಹದಲ್ಲೇ ಹಿಂದಕ್ಕೆ ಪಡೆಯಿರಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಇದೇ ಕಿಟ್ ಕೊಂಡ ಎಲ್ಲರಿಗೂ ಕೆಪ್ಯಾಸಿಟರ್, ಬ್ಲೀಡರ್ ಮತ್ತು ಹೀಟರ್ ಪಿನ್ ವಿಷಯವನ್ನು ತಕ್ಷಣ ತಿಳಿಸಿ. ನನ್ನ ಬಿಡಿಭಾಗ ಒಂದು ವಾರ ತಡವಾದರೆ ಸಹಿಸಿಕೊಳ್ಳುತ್ತೇನೆ. ಆ ಎಚ್ಚರಿಕೆ ಒಂದು ದಿನವೂ ತಡವಾಗಬಾರದು.

15 ದಿನದೊಳಗೆ ಉತ್ತರ ಬಾರದಿದ್ದರೆ ಇದೇ ಪತ್ರವನ್ನು ಎಲ್ಲ ಫೋಟೋಗಳ ಜೊತೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗಳಿಗೆ ಕೊಡುತ್ತೇನೆ. ರಸೀದಿ, ಭಾಗಗಳ ಫೋಟೋ, ಕೈಪಿಡಿಯ ಆ ಎರಡು ಪುಟಗಳ ಪ್ರತಿ, ಅಳತೆ ಮಾಡಿದ ವೋಲ್ಟೇಜ್‌ಗಳ ಪಟ್ಟಿ ಲಗತ್ತಿಸಿದ್ದೇನೆ. ಬಿರಿದ ಕೆಪ್ಯಾಸಿಟರ್ ಅನ್ನು ಎಸೆಯದೆ ಇಟ್ಟಿದ್ದೇನೆ. ಪರೀಕ್ಷೆಗೆ ಬೇಕಾದರೆ ತಿಳಿಸಿ, ಕಳಿಸುತ್ತೇನೆ. ಕೊರಿಯರ್ ಖರ್ಚು ನಿಮ್ಮದು.

ಇಂತಿ,
ನಿಮ್ಮ ಗ್ರಾಹಕ