ಗುಳಿಗಿ ಓದುವವನ ಪತ್ರ

ದೋಸ್ತ,

ಬಳ್ಳಾರಿಯಲ್ಲಿ ಕೂತು ಅದೇನು ಮಾಡ್ತೀಯೋ ಅಂತ ನೀನು ಮೂರು ಸಲ ಕೇಳಿದೆ. ಮೂರು ಸಲವೂ ನಾನು ಮಾತು ಹಾರಿಸಿದೆ. ನಮ್ಮವ್ವ ಓಣಿಯವರಿಗೆಲ್ಲ "ನಮ್ ಹುಡುಗ ಗುಳಿಗಿ ಓದ್ತಾನ" ಅಂತ ಹೇಳಿ ಮುಗಿಸಿಬಿಡುತ್ತಾಳೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ.

ಎಂ.ಫಾರ್ಮ್ ಆದ ಮೇಲೆ ಫಾರ್ಮಕಾಲಜಿಯಲ್ಲಿ ಪಿಎಚ್.ಡಿ.ಗೆ ಸೇರಿದ್ದೇನೆ. ಗುಳಿಗೆ ತಯಾರಿಸುವವರು ಬೇರೆ, ಮಾರುವವರು ಬೇರೆ. ಅದು ಹೊಟ್ಟೆಗೆ ಹೋದ ಮೇಲೆ ಮೈಯೊಳಗೆ ಏನು ಮಾಡುತ್ತದೆ ಅಂತ ನೋಡುವುದು ನಮ್ಮ ಕೆಲಸ. ಹೊಸ ಔಷಧ ಕಂಡುಹಿಡಿಯುತ್ತಿದ್ದೇನೆ ಅಂದುಕೊಳ್ಳಬೇಡ. ಬಿಳಿ ಇಲಿಗಳೂ ಇಲ್ಲ. ದವಾಖಾನೆಯಲ್ಲಿ ಫಾರಂ ಹಿಡಿದು ಓಡಾಡುತ್ತೇನೆ. ಯಾರಿಗೆ ಯಾವ ಗುಳಿಗೆ ಒಗ್ಗಲಿಲ್ಲ ಅಂತ ಬರೆದುಕೊಳ್ಳುತ್ತೇನೆ.

ಹೋದ ತಿಂಗಳು ಚರ್ಮದ ವಿಭಾಗಕ್ಕೆ ಒಬ್ಬ ರೈತರು ಬಂದಿದ್ದರು. ಎಡಗೈ ಮೇಲೆ ರೂಪಾಯಿ ಬಿಲ್ಲೆಯಷ್ಟು ಕಪ್ಪು ಕಲೆ. ಅಂಚು ಕೆಂಪು, ನಡುವೆ ನೀರ್ಗುಳ್ಳೆ. "ಹಲ್ಲಿ ಉಚ್ಚಿ ಹೊಯ್ದೈತ್ರಿ" ಅಂದರು. ಇದು ಮೂರನೇ ಸಲವಂತೆ, ಮೂರೂ ಸಲ ಅದೇ ಜಾಗ. ಅಷ್ಟು ಗುರಿಯಿಡುವ ಹಲ್ಲಿ ಎಲ್ಲಾದರೂ ಇದೆಯಾ?

"ಔಷಧ ಏನಾದರೂ ತಗೊಂಡ್ರಾ?" ಅಂದೆ. "ಔಷಧಾನಾ? ಹೋದ ವಾರ ಹೊಡದೀನ್ರಿ, ಹತ್ತಿಗೆ."

ನಾನು ಅದರ ಬೆನ್ನು ಹತ್ತಿದೆ. ಯಾವ ಡಬ್ಬಿ, ಕೈಗೆ ಗ್ಲೌಸ್ ಇತ್ತಾ, ಗಾಳಿ ಯಾವ ಕಡೆ ಇತ್ತು, ಹತ್ತು ನಿಮಿಷ ಇದೇ ಆಯಿತು. ಅವರ ಹೆಂಡತಿಗೆ ಬೇಜಾರಾಗಿ ಎಲೆ ಅಡಿಕೆ ಸಂಚಿ ಬಿಚ್ಚಿದರು. ಸುಣ್ಣದ ಡಬ್ಬಿಯ ಪಕ್ಕದಲ್ಲಿ, ಕತ್ತರಿಯಲ್ಲಿ ಕತ್ತರಿಸಿಕೊಟ್ಟ ಎರಡು ಗುಳಿಗೆ. ನಡ ನೋವಿಗೆ ತಂದದ್ದು. ಕಲೆ ಎದ್ದ ಮೂರೂ ಸಲ ಆ ರೈತರು ಅದನ್ನೇ ನುಂಗಿದ್ದರು. ಯಾಕೆ ಹೇಳಲಿಲ್ಲ ಅಂದರೆ, "ಇದು ಗುಳಿಗಿ ಅಲ್ಲೇನ್ರಿ, ಔಷಧ ಎಲ್ಲೈತಿ?"

ತಪ್ಪು ನನ್ನದೇ. ನಿನ್ನ ಅಂಗಡಿಯ ಬೋರ್ಡಿನ ಮೇಲೂ "ಗೊಬ್ಬರ, ಔಷಧ" ಅಂತಲೇ ಇದೆಯಲ್ಲ! ಇಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲ.

ಆ ಕಲೆಗೆ ಫಿಕ್ಸೆಡ್ ಡ್ರಗ್ ಇರಪ್ಶನ್ ಅನ್ನುತ್ತಾರೆ. ನೋವಿನ ಗುಳಿಗೆ, ಸೋಂಕಿಗೆ ಕೊಡುವ ಸಲ್ಫಾ ಗುಳಿಗೆಗಳಿಂದ ಕೆಲವರಿಗೆ ಆಗುತ್ತದೆ. ಮೊದಲ ಸಲ ಕೆರಳಿದ ರಕ್ಷಣಾ ಕಣಗಳು ಚರ್ಮದ ಆ ಜಾಗದಲ್ಲೇ ಬೀಡುಬಿಡುತ್ತವೆ. ಅದೇ ಗುಳಿಗೆ ಮತ್ತೆ ಬಂದರೆ ಅಲ್ಲೇ ಎದ್ದು ಕೂಡುತ್ತವೆ. ಗುಳಿಗೆ ಬಿಟ್ಟರೆ ಗುಳ್ಳೆ ಒಣಗುತ್ತದೆ, ಕಪ್ಪು ಮಾತ್ರ ತಿಂಗಳುಗಟ್ಟಲೆ ಹೋಗುವುದಿಲ್ಲ.

ಫಾರಂ ತುಂಬಲು ಕೂತರೆ ಇನ್ನೊಂದು ಫಜೀತಿ. ಕತ್ತರಿಸಿದ ಚೂರಿನಲ್ಲಿ ಹೆಸರಿನ ಕೊನೆಯ ಎರಡಕ್ಷರ ಮಾತ್ರ ಉಳಿದಿತ್ತು. ಬ್ಯಾಚ್ ನಂಬರ್ ಇಲ್ಲ, ತಾರೀಖು ಇಲ್ಲ. ಆ ಮನುಷ್ಯ ಮರುದಿನ ಅಂಗಡಿಗೇ ಹೋಗಿ ಕತ್ತರಿಸದ ಪೂರ್ತಿ ಗುಳಿಗೆ ಪಟ್ಟಿಯ ಫೋಟೊ ತೆಗೆಸಿ ಕಳಿಸಿದರು. ನನ್ನ ಪಾಲಿಗೆ ಆ ವಾರದ ಹಬ್ಬ ಅದು.

ಇಲ್ಲಿಂದ ಆ ವರದಿ ಔಷಧಗಳ ಗುಣಮಟ್ಟ ಗೊತ್ತುಮಾಡುವ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗಕ್ಕೆ ಹೋಗುತ್ತದೆ. ಅಲ್ಲಿಂದ ಸ್ವೀಡನ್ನಿನ ಉಪ್ಸಾಲದಲ್ಲಿರುವ, ಗುಳಿಗೆ ಒಗ್ಗದ ಇಂಥ ವರದಿಗಳ ಜಗತ್ತಿನ ದೊಡ್ಡ ದಾಖಲೆಗೆ. ನಮ್ಮ ದೇಶದಲ್ಲಿ ಹೀಗೆ ವರದಿ ಕೂಡಿಸುವ ಕಾರ್ಯಕ್ರಮ ಶುರುವಾದದ್ದು 2010ರಲ್ಲಿ. ಡಾಕ್ಟರೇ ಬರೆಯಬೇಕು ಅಂತೇನಿಲ್ಲ, ಗುಳಿಗೆ ನುಂಗಿದವರೇ 1800-180-3024ಕ್ಕೆ ಫೋನ್ ಮಾಡಿ ಹೇಳಬಹುದು, ದುಡ್ಡು ಹೋಗುವುದಿಲ್ಲ. ನಿನ್ನ ಗಲ್ಲಾಪೆಟ್ಟಿಗೆ ಮೇಲೆ ಈ ನಂಬರ್ ಸುಮ್ನೆ ಅಂಟಿಸಿಡು.

ಈಗ ನನ್ನ ಪ್ರಶ್ನೆ ಬದಲಾಗಿದೆ. ಗುಳಿಗಿ, ಸೂಜಿ, ಪುಡಿ, ಕಷಾಯ, ಮುಲಾಮು, ನಾಟಿ ಮದ್ದು ಅಂತ ಒಂದೊಂದೇ ಹೆಸರು ಹೇಳಿ ಕೇಳುತ್ತೇನೆ. ಮೊನ್ನೆ ಒಬ್ಬ ಅಜ್ಜಿ ಪೂರ್ತಿ ಕೇಳಿಸಿಕೊಂಡು, ಕೊನೆಗೆ "ಟಾನಿಕ್ ಕೇಳಲಿಲ್ಲಲ್ಲೋ ತಮ್ಮಾ" ಅಂದಳು. ಅದನ್ನೂ ಸೇರಿಸಿಕೊಂಡೆ. ನಿನ್ನ ಅಂಗಡಿಗೆ ದಿನಾ ಅಷ್ಟು ಜನ ಬರುತ್ತಾರಲ್ಲ, ಇವಕ್ಕೆಲ್ಲ ಇನ್ನೂ ಏನೇನು ಅಂತಾರೆ? ಕೇಳಿ ಬರೆದು ಕಳಿಸು.

ನಿನ್ನ,
ಗುಳಿಗಿ ಓದೋನು