ಕೋನಿಗ್‌ಸೇ ಸರೋವರದ ಮೌನ

ಮ್ಯೂನಿಕ್,
ಜೂನ್ 17

ತೀರ್ಥರೂಪರಾದ ಅಪ್ಪ, ಅಮ್ಮನವರಿಗೆ ನಿಮ್ಮ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮವಾಗಿದ್ದೇನೆ. ನಿನ್ನೆ ನಾವು ಐದು ಮಂದಿ ಸಹೋದ್ಯೋಗಿಗಳು ಜರ್ಮನಿಯ ಇದೇ ಬವೇರಿಯಾ ರಾಜ್ಯದಲ್ಲಿರುವ ಕೋನಿಗ್‌ಸೇ ಎಂಬ ಸರೋವರಕ್ಕೆ ಹೋಗಿ ಬಂದೆವು. ಫೋನಿನಲ್ಲಿ ಹೇಳಿದರೆ ಅರ್ಧವೂ ಹೇಳಿದಂತಾಗುವುದಿಲ್ಲವೆಂದು ಈ ಪತ್ರ ಬರೆಯುತ್ತಿದ್ದೇನೆ.

ಐವರವರೆಗೆ ಒಂದೇ ಚೀಟಿಯಲ್ಲಿ ದಿನವಿಡೀ ಸಂಚರಿಸಲು ಅನುವಾಗುವ ಬವೇರಿಯಾ ಟಿಕೆಟ್ಟನ್ನು ಕೊಂಡು, ಮುಂಜಾನೆಯೇ ರೈಲು ಹತ್ತಿ, ಫ್ರೈಲಾಸಿಂಗ್‌ನಲ್ಲಿ ಗಾಡಿ ಬದಲಿಸಿ ಬೆರ್ಕ್‌ಟೆಸ್‌ಗಾಡೆನ್ ತಲುಪಿದೆವು. ಅಲ್ಲಿಂದ ಸರೋವರಕ್ಕೆ ಬಸ್ಸಿದೆ.

ಹಿಮನದಿ ಕೊರೆದು ಬಿಟ್ಟುಹೋದ ಕಣಿವೆಯಲ್ಲಿ ನಿಂತ ನೀರು ಇದು. ಉದ್ದ 7 ಕಿಲೋಮೀಟರಿಗೂ ಹೆಚ್ಚು, ಅಗಲ ಎಲ್ಲಿ ನೋಡಿದರೂ ಒಂದೂಕಾಲು ಕಿಲೋಮೀಟರನ್ನು ಮೀರದು, ಆಳ ಮಾತ್ರ ಸುಮಾರು 190 ಮೀಟರ್. ಎರಡೂ ಬದಿಯ ಬಂಡೆಗಳು ನೆಟ್ಟಗೆ ನೀರಿಗೇ ಇಳಿದಿರುವುದರಿಂದ ದಡದುದ್ದಕ್ಕೂ ರಸ್ತೆ ಮಾಡಲು ಜಾಗವೇ ಇಲ್ಲ. ಒಳಗೆ ಸುಲಭವಾಗಿ ಹೋಗಬೇಕೆಂದರೆ ದೋಣಿಯನ್ನೇ ಏರಬೇಕು. ಆ ದೋಣಿಗಳೆಲ್ಲ 1909ರಿಂದಲೂ ವಿದ್ಯುತ್ತಿನಲ್ಲಿ ಓಡುತ್ತಿವೆ ಎಂದು ತಿಳಿದಾಗ ನಾನು ಬೆರಗಾದೆ. ಅಂದು ಬವೇರಿಯಾವನ್ನು ಆಳುತ್ತಿದ್ದ ಲುಯಿಟ್‌ಪೋಲ್ಡ್ ಬೇಟೆಗೆಂದು ಇಲ್ಲಿಗೆ ಬರುತ್ತಿದ್ದನಂತೆ. ಉಗಿಯಂತ್ರದ ಹೊಗೆ, ಗದ್ದಲಗಳು ಈ ಕಣಿವೆಯೊಳಗೆ ಬರುವುದು ಅವನಿಗೆ ಬೇಡವಾಗಿತ್ತು ಎಂದು ಹೇಳುತ್ತಾರೆ. ಕಾರಣ ಬೇಟೆಯೇ ಇರಲಿ, ಅದರಿಂದ ಉಳಿದುಬಂದ ಮೌನ ಇಂದು ನಮ್ಮ ಪಾಲಿಗೆ ಸಿಕ್ಕಿತು.

ಅಪ್ಪಾ, ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದು. ಸರೋವರದ ನಡುವೆ ಅಂಬಿಗನು ದೋಣಿ ನಿಲ್ಲಿಸಿ, ಬಾಗಿಲು ತೆರೆದು, ತುತ್ತೂರಿಯಂಥ ವಾದ್ಯವನ್ನು ಕೈಗೆತ್ತಿಕೊಂಡು ಒಂದು ಸಾಲು ನುಡಿಸಿದನು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎದುರಿನ ಬಂಡೆ ಅದೇ ಸಾಲನ್ನು ಇನ್ನಷ್ಟು ಮೃದುವಾಗಿ ಹಿಂದಿರುಗಿಸಿತು. ಅವನು ಮತ್ತೆ ನುಡಿಸಿದನು, ಬಂಡೆ ಮತ್ತೆ ಉತ್ತರಿಸಿತು. ಅಷ್ಟು ಹೊತ್ತೂ ಹರಟುತ್ತಿದ್ದ ದೋಣಿಯ ತುಂಬ ಜನರಲ್ಲಿ ಯಾರೂ ಉಸಿರೆತ್ತಲಿಲ್ಲ. ನನ್ನ ಪಕ್ಕದಲ್ಲಿದ್ದ ಗೆಳತಿಯ ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು. ಎಂಜಿನ್ನಿನ ಸದ್ದಿದ್ದಿದ್ದರೆ ಆ ಮರುದನಿ ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಸೇಂಟ್ ಬಾರ್ತೊಲೋಮೆ ಎಂಬಲ್ಲಿ ಇಳಿದೆವು. ಕೆಂಪು ಗುಮ್ಮಟಗಳ ಪುಟ್ಟ ಚರ್ಚು, ಅದರ ಬೆನ್ನಿಗೆ 2,713 ಮೀಟರ್ ಎತ್ತರದ ವಾಟ್ಸ್‌ಮನ್ ಪರ್ವತ. ಬೆಳಗ್ಗೆ ಕವಿದಿದ್ದ ಮೋಡ ನಾವು ದಡದಲ್ಲಿ ಕುಳಿತಿದ್ದಾಗಲೇ ಮೆಲ್ಲನೆ ಸರಿದು ಬಂಡೆಯ ಸಂದುಗಳಲ್ಲಿ ಉಳಿದಿದ್ದ ಹಿಮ ಕಾಣಿಸಿತು. ಆ ಜಾಗದಲ್ಲಿ ಮೊದಲ ಪ್ರಾರ್ಥನಾ ಮಂದಿರ ಕಟ್ಟಿದ್ದು 1134ರಲ್ಲಿ. ಆಗಸ್ಟ್ ಕೊನೆಯಲ್ಲಿ ಆಸ್ಟ್ರಿಯಾದ ಮರಿಯಾ ಆಲ್ಮ್ ಊರಿನ ಭಕ್ತರು ಬೆಟ್ಟಗಳನ್ನು ದಾಟಿ ನಡೆದೇ ಇಲ್ಲಿಗೆ ಯಾತ್ರೆ ಬರುತ್ತಾರೆ. ಇದನ್ನು ಕೇಳಿದಾಗ ಅಮ್ಮನ ನೆನಪಾಯಿತು.

ದೋಣಿಯ ಕೊನೆಯ ನಿಲ್ದಾಣ ಸಾಲೆಟ್. ಅಲ್ಲಿಂದ ಕಾಲು ಗಂಟೆ ನಡೆದರೆ ಓಬರ್‌ಸೇ ಎಂಬ ಇನ್ನೊಂದು ಚಿಕ್ಕ ಸರೋವರ. ಅದರಾಚೆ ದೂರದಲ್ಲಿ ರೋಟ್‌ಬಾಕ್ ಜಲಪಾತ ಬಂಡೆಯ ಮೇಲೆ ಬಿಳಿಯ ಎಳೆಯಂತೆ ಕಾಣುತ್ತದೆ. ಅದರ ಬುಡದವರೆಗೂ ಹೋಗಬೇಕೆಂದು ಇಬ್ಬರು ಹಟ ಹಿಡಿದರು. ಕೊನೆಯ ದೋಣಿ ತಪ್ಪಿದರೆ ಮರಳಲು ಬೇರೆ ಸುಲಭದ ದಾರಿಯಿಲ್ಲವೆಂದು ಉಳಿದವರು ತಡೆದೆವು. ಸ್ವಲ್ಪ ಬೇಸರವಾಯಿತು. ಆದರೂ ಹಿಂದಿರುಗಿದ್ದೇ ಸರಿ. ಸಾಲೆಟ್‌ನಲ್ಲಿ ದೋಣಿಗಾಗಿ ಬಹಳ ಹೊತ್ತು ಸಾಲಿನಲ್ಲಿ ನಿಲ್ಲಬೇಕಾಯಿತು.

ನೀವಿಬ್ಬರೂ ಬಂದಾಗ ಬೆಳಗಿನ ಮೊದಲ ದೋಣಿಗೇ ಹೋಗೋಣ. ಚರ್ಚು ದೋಣಿ ಇಳಿಯುವ ಜಾಗದ ಹತ್ತಿರವೇ ಇದೆ, ಅಮ್ಮನ ಮಂಡಿಗೆ ಶ್ರಮವಾಗದು. ಅಪ್ಪಾ, ನೀವು ಬಂಡೆಯ ಕಡೆಯ ಕಿಟಕಿಯ ಪಕ್ಕ ಕುಳಿತುಕೊಳ್ಳಬೇಕು.

ಇತಿ ನಿಮ್ಮ ಪ್ರೀತಿಯ ಮಗಳು