ಮಗಳಿಗೊಂದು ಪತ್ರ: ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಸೇರುವ ಮುಂಚೆ

ಪ್ರೀತಿಯ ಪುಟ್ಟಿ,

"ಅಮ್ಮಾ, ಎಲ್‌ಎಲ್‌ಎಂಗೆ ಕಾರ್ಪೊರೇಟ್ ಲಾ ತಗೊಳ್ಳಲಾ? ಸಂಬಳ ಜಾಸ್ತಿ ಸಿಗುತ್ತಂತೆ" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಂಬಳದ ವಿಷಯ. ದೊಡ್ಡ ಲಾ ಫರ್ಮ್‌ಗಳು ಹೆಚ್ಚಾಗಿ ಐದು ವರ್ಷದ ಪದವಿ ಮುಗಿಯುವ ಹೊತ್ತಿಗೇ, ಇಂಟರ್ನ್‌ಶಿಪ್ ನೋಡಿ ಹುಡುಗರನ್ನು ಆರಿಸಿಕೊಳ್ಳುತ್ತವೆ. ಎಲ್‌ಎಲ್‌ಎಂ ಆಗಿದೆ ಅಂತ ಅಲ್ಲಿ ಯಾರೂ ಎದ್ದು ಕುರ್ಚಿ ಕೊಡುವುದಿಲ್ಲ. ಪಾಠ ಮಾಡುವ ಆಸೆಯಿದ್ದರೆ ಅದು ಬೇಕೇ ಬೇಕು, ಜೊತೆಗೆ ಅಧ್ಯಾಪಕರ ಅರ್ಹತಾ ಪರೀಕ್ಷೆ, ನೆಟ್ ಅಥವಾ ಕೆ-ಸೆಟ್. ಬರೀ ದುಡ್ಡಿಗಾದರೆ ಆ ವರ್ಷ ಒಂದು ಒಳ್ಳೆಯ ಆಫೀಸಿನಲ್ಲಿ ಕೆಲಸ ಕಲಿಯುವುದೇ ವಾಸಿ.

ನಾನು ಹೋಗಿದ್ದು ಬೇರೆ ಕಾರಣಕ್ಕೆ. ದಾವಣಗೆರೆಯಲ್ಲಿ ರಟ್ಟಿನ ಡಬ್ಬಿ ಮಾಡುವ ಕಕ್ಷಿದಾರರೊಬ್ಬರಿದ್ದರು. ಒಂದು ಕಾರ್ಖಾನೆಗೆ ವರ್ಷಗಟ್ಟಲೆ ಉದ್ರಿ ಮಾಲು ಕೊಟ್ಟಿದ್ದರು. ಕಾರ್ಖಾನೆ ದಿವಾಳಿಯಾಯಿತು. "ಮಾಲೀಕರ ಮನೆ, ಕಾರು ಎಲ್ಲ ಹಾಗೇ ಇದೆಯಲ್ಲ ಮೇಡಂ, ನನ್ನ ದುಡ್ಡು ಮಾತ್ರ ಎಲ್ಲಿ ಹೋಯ್ತು?" ಅಂದರು. ಪಾಲು ವಿಭಾಗ, ಚೆಕ್ ಬೌನ್ಸ್ ಕೇಸು ನಡೆಸುತ್ತಿದ್ದ ನನಗೆ ಅವರಿಗೆ ತಿಳಿಯುವ ಹಾಗೆ ಹೇಳಲು ಬರಲಿಲ್ಲ. 2018ರಲ್ಲಿ ನಿನ್ನನ್ನು ಅಜ್ಜಿ ಹತ್ತಿರ ಬಿಟ್ಟು, ಒಂದು ವರ್ಷದ ಕೋರ್ಸಿಗೆ ಬೆಂಗಳೂರಿಗೆ ಹೊರಟೆ. ನೀನು ಆಗ ಮುನಿಸಿಕೊಂಡಿದ್ದು ನೆನಪಿದೆ!

ಸಾಲೊಮನ್ ಕೇಸು ನಿನಗೂ ಗೊತ್ತು. ಪದವಿಯಲ್ಲಿ ಎರಡು ಸಾಲು: ಕಂಪನಿ ಬೇರೆ, ಮಾಲೀಕ ಬೇರೆ. ಎಲ್‌ಎಲ್‌ಎಂನಲ್ಲಿ ಪೂರ್ತಿ ತೀರ್ಪು ಓದಿಸಿದರು. ಲಂಡನ್ನಿನ ಬೂಟು ವ್ಯಾಪಾರಿ ಸಾಲೊಮನ್ 1892ರಲ್ಲಿ ಕಂಪನಿ ಮಾಡಿದ. 20,007 ಷೇರುಗಳಲ್ಲಿ 20,001 ಅವನವೇ. ಉಳಿದದ್ದು ಹೆಂಡತಿಗೂ ಐದು ಮಕ್ಕಳಿಗೂ ಒಂದೊಂದು, ಕಾಯ್ದೆಗೆ ಏಳು ಜನ ಬೇಕಿತ್ತಲ್ಲ. ಕಂಪನಿ ಬೇಗನೇ ಮುಳುಗಿತು. ಆಸ್ತಿ ಮಾರಿ ಬಂದ ಹಣ ಡಿಬೆಂಚರ್, ಅಂದರೆ ಕಂಪನಿಯ ಆಸ್ತಿ ಅಡ ಇಟ್ಟು ಪಡೆದ ಸಾಲದ ಲೆಕ್ಕಕ್ಕೇ ಹೋಯಿತು, ಅಡಮಾನವಿಲ್ಲದೆ ಸಾಲ ಕೊಟ್ಟವರಿಗೆ ಏನೂ ಉಳಿಯಲಿಲ್ಲ. ಸಾಲೊಮನ್ ತನ್ನ ಕೈಯಿಂದ ಕೊಡಬೇಕಿಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ ಹೇಳಿತು. ಓದುತ್ತಾ ನನಗೆ ಕಂಡದ್ದು ನಮ್ಮ ಡಬ್ಬಿ ಮಾಡುವವರೇ.

ಕೋರ್ಸಿನ ಡಿಸರ್ಟೇಶನ್ (ಪ್ರಬಂಧ) ಮಾಲು ಕೊಟ್ಟವರ ಈ ಪಾಡಿನ ಮೇಲೇ ಬರೆದೆ. 2016ರ ದಿವಾಳಿ ಸಂಹಿತೆಯಲ್ಲಿ ಬ್ಯಾಂಕು ಫೈನಾನ್ಶಿಯಲ್ ಕ್ರೆಡಿಟರ್, ಮಾಲು ಕೊಟ್ಟವರು ಆಪರೇಷನಲ್ ಕ್ರೆಡಿಟರ್. ಕಂಪನಿಯ ಮುಂದಿನ ದಾರಿ ತೀರ್ಮಾನಿಸುವುದು ಸಾಲ ಕೊಟ್ಟವರ ಸಮಿತಿ, ಅದರಲ್ಲಿ ಸಾಮಾನ್ಯವಾಗಿ ವೋಟು ಬ್ಯಾಂಕಿನಂಥವರದ್ದೇ. ಕಂಪನಿ ಮುಚ್ಚಿಯೇ ಹೋದರೆ ಹಣ ಹಂಚುವುದು 53ನೇ ಸೆಕ್ಷನ್ನಿನ ಸರದಿಯಂತೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ, ಅವರಿಗೆ ಸರಿಸಮನಾಗಿ ಅಡಮಾನ ಇಟ್ಟುಕೊಂಡವರು. ಆಮೇಲೆ ಇತರ ನೌಕರರ 12 ತಿಂಗಳ ಬಾಕಿ. ಮುಂದೆ ಅಡಮಾನವಿಲ್ಲದ ಫೈನಾನ್ಶಿಯಲ್ ಕ್ರೆಡಿಟರ್, ಸರ್ಕಾರದ ಬಾಕಿ. ಡಬ್ಬಿಯವರ ಸರದಿ ಅದಕ್ಕೂ ಹಿಂದೆ. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಏನು ಉಳಿದಿರುತ್ತೆ ಹೇಳು?

ಇದು ಸಮಾನತೆಗೆ ವಿರುದ್ಧ ಅಂತ ಒಂದು ಅಧ್ಯಾಯ ಬರೆದು ಕೂತಿದ್ದೆ. 2019ರ ಜನವರಿಯಲ್ಲಿ ಸ್ವಿಸ್ ರಿಬ್ಬನ್ಸ್ ತೀರ್ಪು ಬಂತು. ಬ್ಯಾಂಕಿಗೂ ಮಾಲು ಕೊಟ್ಟವರಿಗೂ ಮಾಡಿದ ಈ ಭೇದ ಸರಿಯಾದದ್ದೇ, ಕಂಪನಿ ಉಳಿಯುತ್ತಾ ಇಲ್ಲವಾ ಎಂದು ತೂಗಿ ನೋಡುವವರು ಬ್ಯಾಂಕುಗಳೇ ಎಂದಿತು ಸುಪ್ರೀಂ ಕೋರ್ಟ್. ಅಧ್ಯಾಯ ಪೂರ್ತಿ ತಿದ್ದಿ ಬರೆದೆ. ಊರಿಗೆ ಬಂದ ಮೇಲೂ ಕಾನೂನು ಸುಮ್ನೆ ಕೂರಲಿಲ್ಲ. ಎಸ್ಸಾರ್ ಸ್ಟೀಲ್ ಕೇಸಿನಲ್ಲಿ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ಅದೇ ವರ್ಷ ಜುಲೈನಲ್ಲಿ ಬ್ಯಾಂಕಿಗೂ ಮಾಲು ಕೊಟ್ಟವರಿಗೂ ಸಮಪಾಲು ಎಂದಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಹಂಚಿಕೆ ಸಮಿತಿಗೆ ಬಿಟ್ಟ ಮಾತು ಎಂದಿತು. ನನಗೆ ಈಗಲೂ ಪೂರ್ತಿ ಒಪ್ಪಿಗೆಯಿಲ್ಲ. ಬ್ಯಾಂಕು ಸಾಲಕ್ಕೆ ಮುಂಚೆ ಅಡಮಾನ ಕೇಳಬಲ್ಲದು. ಡಬ್ಬಿ ಮಾರುವವರು ಕೇಳಿದರೆ ಆರ್ಡರ್ ಬೇರೆಯವರಿಗೆ ಹೋಗುತ್ತೆ, ಅಲ್ವಾ?

ಕಷ್ಟವಾಗಿದ್ದು ಇಂಗ್ಲಿಷೂ ಅಲ್ಲ, ನನಗಿಂತ ಎಷ್ಟೋ ಚಿಕ್ಕ ಸಹಪಾಠಿಗಳೂ ಅಲ್ಲ. ಬ್ಯಾಲೆನ್ಸ್ ಶೀಟು. ಲೆಕ್ಕಪತ್ರದ ಕೊನೆಗಿರುವ ಟಿಪ್ಪಣಿಗಳಲ್ಲೇ ಎಷ್ಟೋ ವಿಷಯ ಅಡಗಿರುತ್ತೆ. ಅದನ್ನು ಓದಲು ನಿಮ್ಮ ಅಪ್ಪನೇ ಹೇಳಿಕೊಟ್ಟರು, ಬಿ.ಕಾಂ. ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು ಅಂತ ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ.

ಅರ್ಜಿ ತುಂಬುವ ಮುಂಚೆ ಒಂದು ಕೆಲಸ ಮಾಡು. ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಿ ಒಂದು ದಿನ ಹಿಂದಿನ ಸಾಲಿನಲ್ಲಿ ಕೂತು ಬಾ. ಬೇಜಾರಾದರೆ ನಾಚಿಕೊಳ್ಳದೆ ಹೇಳು, ಬೇರೆ ವಿಷಯ ನೋಡೋಣ. ಆ ದಿನದ ವಿಚಾರಣೆ ಮುಗಿದ ಮೇಲೂ ಮುಂದಿನ ತಾರೀಕು ಯಾವಾಗ ಅಂತ ನೋಡಬೇಕು ಅನ್ನಿಸಿದರೆ ಅರ್ಜಿ ಹಾಕು. ಫೀಸಿನ ಚಿಂತೆ ಬೇಡ, ಅಪ್ಪನ ಹತ್ತಿರ ಮಾತಾಡಿದ್ದೇನೆ. ಭಾನುವಾರ ಫೋನ್ ಮಾಡು.

ನಿನ್ನ
ಅಮ್ಮ